ಸೋರುತ್ತಿದ್ದದ್ದು ಯಂತ್ರ, ಹುಡುಗಿಯಲ್ಲ

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ನೆಲಮಹಡಿಯಲ್ಲಿ ಒಬ್ಬ ಹೆಂಗಸು ಉಕ್ಕಿನ ಕೊಳವೆಯ ಮುಂದೆ ಮೊಣಕಾಲೂರಿದ್ದಾರೆ. ಒಳಗಿನ ಗಾಳಿಯನ್ನು ಪಂಪು ಹೀರುತ್ತಲೇ ಇದೆ; ಮಾಪಕದ ಮುಳ್ಳು ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ. ಎಲ್ಲೋ ಸೋರುತ್ತಿದೆ. ಸಿರಿಂಜಿನಿಂದ ಒಂದೊಂದೇ ಬೆಸುಗೆಗೆ ಸ್ಪಿರಿಟ್ ಚಿಮುಕಿಸುತ್ತಾ, “ಸ್ವಲ್ಪ ಸುಮ್ನಿರಿ,” ಎಂದು ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಗದರುತ್ತಾರೆ. ಬಿರುಕಿದ್ದಲ್ಲಿ ಸ್ಪಿರಿಟ್ ಒಳಹೊಕ್ಕು ಮುಳ್ಳು ಜಿಗಿಯಬೇಕು. ಹತ್ತಕ್ಕೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ಸೋರಿಕೆ ಸಿಗದಿದ್ದರೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಓದು ಇಲ್ಲಿಗೇ ಮುಗಿಯಿತು.

ಇಡೀ ವಿಭಾಗ ಇವರನ್ನು ಕರೆಯುವುದು ಪಂಪಕ್ಕ ಎಂದು. ಆರು ಪ್ರಯೋಗಾಲಯ, ಹದಿನಾಲ್ಕು ಪಂಪು, ಇಪ್ಪತ್ತೆರಡು ವರ್ಷದ ಮೆಕ್ಯಾನಿಕ್ ಕೆಲಸ. ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, “ಹುಡುಗಿಗ್ಯಾಕೆ ಸ್ಪ್ಯಾನರು?” ಅಂದ ಅಣ್ಣ. ಓದು ಡಿಪ್ಲೊಮಾಗೇ ನಿಂತಿತು. ಈಗ ಇಲ್ಲಿನ ಹುಡುಗಿಯರಿಗೆ ನಟ್ಟು ಬಿಗಿಯುವುದನ್ನೂ, ಗೈಡಿನೆದುರು ದನಿ ನಡುಗದಂತೆ ಮಾತಾಡುವುದನ್ನೂ ಕಲಿಸುವವರು ಇವರೇ. ನೇಮಕಾತಿ ಪತ್ರದಲ್ಲಿ ಆ ಕೆಲಸ ಬರೆದಿಲ್ಲ.

“ಹನ್ನೊಂದು ಹುಡುಗೀರು ನನ್ನ ಕಣ್ಣೆದುರೇ ಅರ್ಧಕ್ಕೆ ಬಿಟ್ಟು ಹೋದ್ರು. ಒಬ್ಳೂ ದಡ್ಡಿ ಅಲ್ಲ. ‘ನಂದೇ ತಪ್ಪಿರ್ಬೇಕು’ ಅಂದ್ಕೊಂಡೇ ಹೋದ್ರು.”

ಈ ಹುಡುಗಿಯದೂ ಅದೇ ಕಥೆ. ಎಂಟು ತಿಂಗಳಿಂದ ಈ ಯಂತ್ರದಲ್ಲಿ ತೆಗೆದ ಅಳತೆಗಳು ತಾಳೆಯಾಗುತ್ತಿಲ್ಲ. “ಇದು ನಿನ್ನ ಕೈಲಾಗೋ ಕೆಲಸ ಅಲ್ಲ,” ಎಂದು ಗೈಡು ಎಲ್ಲರೆದುರು ಅಂದುಬಿಟ್ಟರು. ನಿನ್ನೆ ಓದು ಬಿಡುವ ಪತ್ರ ಕೊಟ್ಟಿದ್ದಾಳೆ; ಹತ್ತರ ಸಮಿತಿ ಅದನ್ನು ಅಂಗೀಕರಿಸಲಿದೆ. ಫೋನು ಎತ್ತುತ್ತಿಲ್ಲ.

ಎಂಟೂಮುಕ್ಕಾಲು. ಇಪ್ಪತ್ತಾರನೇ ಬೆಸುಗೆಗೆ ಸ್ಪಿರಿಟ್ ಬಿದ್ದದ್ದೇ ಮುಳ್ಳು ಜಿಗಿಯುತ್ತದೆ. ಕೂದಲೆಳೆಯಷ್ಟು ಬಿರುಕು! ಪಂಪಕ್ಕ ಕೈಯನ್ನೂ ಒರೆಸಿಕೊಳ್ಳದೆ ಹಾಸ್ಟೆಲ್ಲಿಗೆ ಓಡುತ್ತಾರೆ. ಬಾಗಿಲು ತೆರೆದ ಹುಡುಗಿಯ ಹಿಂದೆ ಕಟ್ಟಿಟ್ಟ ಸೂಟ್‌ಕೇಸು.

“ಸೋರ್ತಿದ್ದಿದ್ದು ಯಂತ್ರ ಕಣೇ, ನೀನಲ್ಲ. ಚಪ್ಪಲಿ ಮೆಟ್ಕೋ, ನಡಿ.”

ಸಮಿತಿಯ ಕೋಣೆಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಹುಬ್ಬೇರಿಸುತ್ತಾರೆ: “ಮೆಕ್ಯಾನಿಕ್‌ಗೆ ಇಲ್ಲೇನು ಕೆಲಸ?”

“ತಪ್ಪು ಯಂತ್ರದ್ದು ಸಾರ್. ಪತ್ರ ಅದ್ರ ಹತ್ರಾನೇ ಬರೆಸ್ಕೊಳ್ಳಿ.”

ಯಾರೋ ನಕ್ಕರು. ಗೈಡು ನಗಲಿಲ್ಲ, ಕೆಳಗಿಳಿದು ಹೋಗಿ ಬಿರುಕನ್ನು ಕಣ್ಣಾರೆ ನೋಡಿಬಂದರು. ಕ್ಷಮೆ ಕೇಳಲಿಲ್ಲ. ಆದರೆ ಪತ್ರ ವಾಪಸಾಯಿತು, ಆರು ತಿಂಗಳ ಗಡುವು ಸಿಕ್ಕಿತು.

“ಆರು ತಿಂಗ್ಳು ಸಾಕಾಗತ್ತಾ? ಅವಳು ಮತ್ತೆ ಹೆದ್ರಿಕೊಂಡ್ರೆ?” ಕೆಳಗೆ ಬಂದು ಸಿರಿಂಜು ತೊಳೆಯುತ್ತಾ ಪಂಪಕ್ಕ ಕೇಳುತ್ತಾರೆ. ನಿಮಗೇನಾದರೂ ಆಸೆ ಉಂಟೇ ಎಂದರೆ ತುಸು ನಾಚುತ್ತಾರೆ.

“ಪ್ರತಿ ಸಲ ಪ್ರಬಂಧ ಮಂಡಿಸೋ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಚ್ಚಿಕೊಟ್ಟು ಆಚೆ ಬಂದ್ಬಿಡ್ತೀನಿ. ಇವಳ ದಿನ ಮಾತ್ರ ಒಳಗೇ ಕೂತ್ಕೋಬೇಕು. ಹಿಂದಿನ ಸಾಲಾದ್ರೂ ಪರ್ವಾಗಿಲ್ಲ.”