ಗುಲ್ನಾಜಳ ಗಂಟಲು

ಬೆಟಗೇರಿಯ ಗುಲ್ನಾಜ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ ಓಣಿಯವರು ಇಂದಿಗೂ ತಡವರಿಸುತ್ತಾರೆ. ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡುತ್ತಾಳೆ, ಅದಕ್ಕೆ ಬೆಂಗಳೂರಿನ ಕಂಪನಿಯವರು ಪಗಾರ ಕೊಡುತ್ತಾರೆ ಅಂದರೆ ಯಾರು ನಂಬಬೇಕು ಹೇಳಿ! ಅವಳು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಾಳೆ, ಜನ ಅದನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಒಳಕೋಣೆಯ ಗೋಡೆಗೆಲ್ಲ ಕೌದಿ ತೂಗುಹಾಕಿ, ಫ್ಯಾನು ಆರಿಸಿ, ಬೆವರುತ್ತ ಮಾಡುವ ಈ ಕೆಲಸವೆಂದರೆ ಅವಳಿಗೆ ಪಂಚಪ್ರಾಣ.

ಮಕ್ಕಳ ಕಥೆಗೆ ಕೈಯೂ ಆಡಬೇಕು, ಇಲ್ಲದಿದ್ದರೆ ಅವಳ ಬಾಯಿಗೆ ಕರಡಿ ಬರುವುದಿಲ್ಲ. ಪತ್ತೇದಾರಿ ಓದುವಾಗ ಕೊಲೆಗಾರ ಯಾರೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇರಬೇಕು. ರಂಜಾನಿನಲ್ಲಿ ಅಡುಗೆ ಪುಸ್ತಕ ಒಪ್ಪಿಕೊಂಡದ್ದು ಮಾತ್ರ ಶುದ್ಧ ಹುಚ್ಚುತನ. ಎಣ್ಣೆಗಾಯಿ ಮಾಡುವ ಬಗೆ ಓದುತ್ತಿದ್ದಾಗ ಹೊಟ್ಟೆ ಗುರ್ ಅಂದದ್ದು ಮೈಕಿಗೆ ನಿಚ್ಚಳವಾಗಿ ಬಿದ್ದು, ಆ ಬದನೆಕಾಯಿಯನ್ನು ಮತ್ತೆ ಮೊದಲಿನಿಂದ ಹೆಚ್ಚಬೇಕಾಯಿತು.

ಇದೆಲ್ಲ ನಡೆಯುತ್ತಿದ್ದದ್ದು ಪಕ್ಕದ ಮನೆಯ ಅಮೃತವ್ವನ ದಯೆಯಿಂದ. ಎರಡು ಮನೆಗೂ ಒಂದೇ ಗೋಡೆ. ಗೋಡೆಯಾಚೆ ಅಮೃತವ್ವನ ಪವರ್‌ಲೂಮ್ ಮಗ್ಗ ದಿನವಿಡೀ ಖಟಖಟ ಬಡಿಯುತ್ತದೆ. ಮಧ್ಯಾಹ್ನ ಗುಲ್ನಾಜ ಓದಲು ಕೂರುವ ಹೊತ್ತಿಗೆ ಅಮೃತವ್ವ ಅದನ್ನು ನಿಲ್ಲಿಸುತ್ತಿದ್ದಳು.

ಹೀಗಿರುವಾಗ ಒಂದು ಕಾದಂಬರಿ ಬಂತು. ಅದರಲ್ಲಿ ಬೆಂಕಿಯಂಥ ಅತ್ತೆ. ಎಷ್ಟು ಓದಿದರೂ ಆ ಮುದುಕಿ ಸಪ್ಪೆ ಸಪ್ಪೆ. ಒಂದು ದಿನ ಗೋಡೆಯಾಚೆ ಅಮೃತವ್ವ ನೂಲು ತಂದವನನ್ನು ಬೈಯುವುದು ಕೇಳಿಸಿತು. ಮೂಗಿನಿಂದ ಎಳೆದು, ಕೊನೆಗೆ ಟಪ್ಪನೆ ಕಡಿಯುವ ಮಾತು. ಗುಲ್ನಾಜ ಅದನ್ನೇ ಎತ್ತಿ ಅತ್ತೆಯ ಬಾಯಿಗೆ ಹಾಕಿದಳು. ಅತ್ತೆ ಎದ್ದು ಕೂತಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗಂಡ ಮೊಹಸಿನನ ಹೊಟ್ಟೆಯಲ್ಲಿ ಹೆಂಡತಿಯ ಹೆಚ್ಚುಗಾರಿಕೆ ನಿಲ್ಲುವುದಿಲ್ಲ.

"ಮೊದಲನೇ ಭಾಗ ಬಂದೈತಲ್ಲ, ಅಮೃತವ್ವಾರ ಫೋನಿಗೆ ಹಾಕಿ ಕೊಟ್ಟು ಬಂದೆ," ಅಂದ ಊಟಕ್ಕೆ ಕೂತು.

ಗುಲ್ನಾಜ ಮುರಿದ ರೊಟ್ಟಿಯನ್ನು ತಟ್ಟೆಗೆ ಬಿಟ್ಟಳು. "ಕೊಡ್ರಿ ಅಂತ ಯಾರು ಹೇಳಿದ್ರು ನಿಮಗ?"

ಅಂದು ಮಧ್ಯಾಹ್ನ ಮಗ್ಗ ನಿಲ್ಲಲಿಲ್ಲ. ಕೊನೆಯ ಭಾಗ ಸಂಜೆಯೊಳಗೆ ಕಂಪನಿಗೆ ಹೋಗಬೇಕು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ತನ್ನ ಬಾಣಂತನದಲ್ಲಿ ಎಣ್ಣೆ ಹಚ್ಚಿ ನೀರೆರೆದ ಹೆಂಗಸನ್ನು ಊರ ಮುಂದೆ ನಗೆಪಾಟಲು ಮಾಡಿದೆನಲ್ಲ ಎಂಬುದು. ಏನಾದರಾಗಲಿ, ಕಾಲು ಹಿಡಿದಾದರೂ ಸರಿ ಎಂದು ಪಕ್ಕದ ಮನೆಗೆ ಹೋದಳು.

ಅಮೃತವ್ವ ಮಗ್ಗದ ಪಕ್ಕದಲ್ಲೇ ಫೋನು ಕಿವಿಗೊತ್ತಿ ಕೂತಿದ್ದಳು. ಹೊತ್ತಿನ ಖಬರೇ ಇರಲಿಲ್ಲ. ಕಣ್ಣು ಒದ್ದೆ.

"ತಪ್ಪಾತ್ರಿ ಅವ್ವಾರ," ಎಂದಳು ಗುಲ್ನಾಜ.

"ಸುಮ್ನಿರು. ನಮ್ಮ ಅತ್ತಿ ಧ್ವನಿ ನಿನಗ ಹೆಂಗ ಗೊತ್ತಾತು? ಆಕಿ ಹೋದ ಮ್ಯಾಲ ನೀ ಈ ಓಣಿಗೆ ಬಂದಾಕಿ. ಥೇಟ್ ಹಿಂಗ ಬೈತಿದ್ಲು ನನ್ನ."

ಗುಲ್ನಾಜ ಎತ್ತಿಕೊಂಡದ್ದು ಅಮೃತವ್ವನ ಧ್ವನಿಯನ್ನೇ. ಆಯುಷ್ಯವೆಲ್ಲ ಒಂದೇ ಒಲೆಯ ಮುಂದೆ ಕಳೆದ ಸೊಸೆಯ ಗಂಟಲಲ್ಲಿ ಆ ಅತ್ತೆ ಯಾವಾಗಲೋ ಬಂದು ಕೂತಿದ್ದಾಳೆ. ಅದು ಅಮೃತವ್ವನೊಬ್ಬಳಿಗೇ ಗೊತ್ತಿಲ್ಲ.

"ಆಕಿ ಇದ್ದಾಗ ಸಾಕು ಸಾಕಾಗಿತ್ತವಾ," ಎಂದು ಅಮೃತವ್ವ ಮೂಗು ಒರೆಸಿಕೊಂಡಳು. "ಈಗ ಈ ಮನ್ಯಾಗ ನನ್ನ ಬೈಯಾವರು ಯಾರೂ ಇಲ್ಲ. ಒಂದ್ ಸರತಿ ಬೈ. ನನ್ನ ಹೆಸರು ಹಿಡದು ಬೈ."

ಗುಲ್ನಾಜ ಗಂಟಲು ಸರಿಮಾಡಿಕೊಂಡಳು. ಮಗ್ಗದ ಸದ್ದನ್ನೂ ಮೀರಿ ಮೂಗಿನಿಂದ ಎಳೆದಳು: "ಏ ಅಮೃತಿ, ಇನ್ನೂ ಮಗ್ಗ ಬಡಿಯಾಕ ಹತ್ತೇತಿ. ಆ ಹುಡುಗಿ ಓದಬೇಕೋ ಬ್ಯಾಡೋ?"

ಅಮೃತವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಆತ್ರಿ ಅತ್ತಿ," ಎಂದು ಎದ್ದು ಹೋಗಿ ಮಗ್ಗ ನಿಲ್ಲಿಸಿದಳು.