ಗೋದಾಮಿನ ಕಡಲಿಗೆ ಉಪ್ಪು ಹಾಕುವವರು

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮಸಾಲೆ ಗೋದಾಮುಗಳ ಬಾಗಿಲು ಇನ್ನೂ ತೆರೆದಿಲ್ಲ. ಹಿಂದೆ ಒಣಶುಂಠಿ ತುಂಬುತ್ತಿದ್ದ ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ, ಗಾಳಿ ಪಂಪುಗಳು ಗುರುಗುಟ್ಟುತ್ತಿವೆ. ಸುಮಿತ್ರ ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ಬಕೆಟ್ಟಿನಲ್ಲಿ ಉಪ್ಪು ಕದಡುತ್ತಾರೆ. ಆ ನೀರನ್ನು ಗಾಜಿನ ತೊಟ್ಟಿಗೆ ಸುರಿಯುವುದಿಲ್ಲ, ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಮೂಲೆಯಲ್ಲಿ ನೀಲಿ ಹಳದಿ ಪಟ್ಟೆಯ ಏಂಜಲ್ ಮೀನೊಂದು ಹೊಟ್ಟೆ ಉಬ್ಬಿ ಓರೆಯಾಗಿ ನಿಂತಿದೆ. ಹಾಕಿದ ಸಿಗಡಿ ಚೂರು ಅದರ ಬಾಯಿಯ ಮುಂದೆಯೇ ತಳಕ್ಕಿಳಿಯುತ್ತದೆ.

"ನಿನ್ನೆಯೂ ತಿನ್ಲಿಲ್ಲ. ನಾಳೆ ಇದನ್ನು ಗಿರಾಕಿಗೆ ಕಳಿಸ್ಬೇಕಂತೆ," ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಸುಮಿತ್ರ.

ಕಾಸರಗೋಡಿನ ಉಪ್ಪಳದವರಾದ ಇವರು ಮದುವೆಯಾಗಿ ಕೊಚ್ಚಿಗೆ ಬಂದವರು. ಹಾರ್ಬರ್‌ನಲ್ಲಿ ಮೂಟೆ ಹೊರುತ್ತಿದ್ದ ಗಂಡ ಬೆನ್ನು ನೋವಿನಿಂದ ಮನೆ ಹಿಡಿದಿದ್ದಾರೆ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುತ್ತಾಳೆ. ಅಲಂಕಾರಿಕ ಮೀನು ಮಾರುವ ಈ ಗೋದಾಮಿಗೆ ತೊಟ್ಟಿ ತೊಳೆಯಲು ಸೇರಿದ ಸುಮಿತ್ರ ಈಗ ಎಲ್ಲ ತೊಟ್ಟಿಗಳ ಉಸ್ತುವಾರಿ; ಮೇಲೆ ಮುದಲಾಳಿ, ಅಂದರೆ ಯಜಮಾನ, ಒಬ್ಬರೇ. ತಿರುವನಂತಪುರದ ಕಳಕ್ಕೂಟಂ ಫ್ಲ್ಯಾಟುಗಳಲ್ಲಿ ಸೋಫಾದ ಪಕ್ಕ ಮಿನುಗುವ ಎಷ್ಟೋ ಕಡಲ ಮೀನುಗಳು ಇವರ ಕೈ ದಾಟಿಯೇ ಹೋದವು. ಕೊಂಡವರಿಗೆ ಮೀನಿನ ಉದ್ದುದ್ದ ಇಂಗ್ಲಿಷ್ ಹೆಸರು ಬಾಯಿಪಾಠ. ಇವರ ಹೆಸರು ಯಾರೂ ಕೇಳಿದ್ದಿಲ್ಲ.

ಈ ಸಲ ಮಳೆಗಾಲದ ಆರಂಭದಲ್ಲಿ ಮೀನುಗಳಿಗೆ ಬಿಳಿ ಚುಕ್ಕೆ ರೋಗ ಬಂತು. ನೀರಿನ ಉಪ್ಪನ್ನು ಅರ್ಧಕ್ಕಿಳಿಸಿದರೆ ಆ ರೋಗದ ಹುಳು ಸಾಯುತ್ತದೆ, ಈ ವ್ಯಾಪಾರದವರೆಲ್ಲ ಬಲ್ಲ ಉಪಾಯ. ಕೆಲವು ವಾರಗಳ ಬಳಿಕ ಉಪ್ಪನ್ನು ಮೆಲ್ಲಗೆ ಏರಿಸಬೇಕು. ಇಲ್ಲಿ ಏರಿಸಲಿಲ್ಲ. ಚುಕ್ಕೆ ಮಾಯವಾಗಿತ್ತು, ಮೀನುಗಳು ಗಬಗಬ ತಿನ್ನುತ್ತಿದ್ದವು.

"ಏರಿಸಿದ್ರೆ ಚುಕ್ಕೆ ವಾಪಸ್ ಬರ್ತದೆ ಅಂತ ಹೆದರಿಕೆ. ಮುದಲಾಳಿ ಕೇಳಿದಾಗ, ಇರ್ಲಿ, ಹೀಗೇ ಚಂದ ಉಂಟು ಅಂತ ನಾನೇ ಹೇಳಿದ್ದು. ಚಪ್ಪೆ ನೀರಲ್ಲಿ ಅದ್ರ ಒಳಗೆ ಎಂತ ಆಗ್ತಾ ಉಂಟು ಅಂತ ಹೊರಗಿಂದ ಕಾಣುದಿಲ್ಲ ಅಲ್ವಾ?"

ಓಣಂ ಕಳೆದ ಮೇಲೆ ಕಂಡಿತು. ಕಡಲ ಮೀನಿನ ಮೈ ಉಪ್ಪುನೀರು ಕುಡಿದು, ಹೆಚ್ಚಾದ ಉಪ್ಪನ್ನು ಹೊರಹಾಕಿ ಬದುಕಲು ಒಗ್ಗಿದ್ದು. ತಿಂಗಳುಗಟ್ಟಲೆ ಸಪ್ಪೆ ನೀರಿನಲ್ಲಿಟ್ಟರೆ ಮೂತ್ರಪಿಂಡ ಸೋಲಬಹುದು ಎಂದರಂತೆ, ತಡವಾಗಿ ಕರೆಸಿದ ವೈದ್ಯರು. ಬಣ್ಣ ಮಂಕಾಯಿತು, ಹೊಟ್ಟೆ ಉಬ್ಬಿತು, ಒಂದೊಂದೇ ಮೀನು ತಳ ಸೇರಿತು. ಅಷ್ಟರಲ್ಲಿ ಕೆಲವನ್ನು ಮಾರಿದ್ದೂ ಆಗಿತ್ತು. ಮೈಸೂರಿನಿಂದ ವರ್ಗವಾಗಿ ಬಂದು ತಿರುವನಂತಪುರದ ತುಂಬಾದಲ್ಲಿರುವ ಇಂದುಮತಿ ಎಂಬುವರು, ಕೊಂಡ ಮೀನು ಸತ್ತಾಗ ಫೋನ್ ಮಾಡಿ, "ನಿಮ್ಮಲ್ಲಿ ಚೆನ್ನಾಗೇ ಇತ್ತಲ್ಲ, ನಾವೇನು ತಪ್ಪು ಮಾಡಿದ್ವಿ ಹೇಳಿ," ಎಂದು ಕೇಳಿದ್ದರು.

"ನಿಮ್ಮ ತಪ್ಪಲ್ಲ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ. ನೀರು ಬದಲಾದ್ರೆ ಹಾಗೆ ಆಗ್ತದೆ ಮೇಡಂ ಅಂತ ಹೇಳಿ ಇಟ್ಟುಬಿಟ್ಟೆ," ಎನ್ನುವಾಗ ಸುಮಿತ್ರ ನನ್ನ ಮುಖ ನೋಡುವುದಿಲ್ಲ.

ಬೆಳಕು ಹರಿಯುತ್ತಲೇ ಮುದಲಾಳಿ ಶ್ರೀಪತಿ ಬರುತ್ತಾರೆ. ಕೆಟ್ಟವರೇನಲ್ಲ, ಗೋದಾಮಿನ ಬಾಡಿಗೆ ಅವರ ಕುತ್ತಿಗೆಗೆ ಬಂದಿದೆ. "ಚೇಚಿ, ಬಣ್ಣ ಇರುವಾಗಲೇ ಪ್ಯಾಕ್ ಮಾಡಿ," ಎಂದು ಮಲಯಾಳದಲ್ಲಿ ಹೇಳುತ್ತಾರೆ. ಸುಮಿತ್ರ ಕೊಳವೆಯ ಹನಿ ಸರಿಪಡಿಸುತ್ತಲೇ ಆಗುವುದಿಲ್ಲ ಎನ್ನುತ್ತಾರೆ. ಹಾಗಾದರೆ ನಾಳೆಯಿಂದ ಬರುವುದೇ ಬೇಡವೆಂದು ಶ್ರೀಪತಿ ಗೊಣಗಿ ಹೊರಗೆ ಹೋಗುತ್ತಾರೆ. ಮನಸ್ಸಿನಿಂದ ಬಂದ ಮಾತೋ ಸಿಟ್ಟಿನದೋ, ಸುಮಿತ್ರರಿಗೂ ನನಗೂ ತಿಳಿಯದು.

ಇಷ್ಟು ನಿಧಾನವಾಗಿ ಉಪ್ಪು ಏರಿಸಿದರೆ ಈ ಮೀನು ಉಳಿಯುತ್ತದೆಯೇ ಎಂದು ಕೇಳುತ್ತೇನೆ.

"ಇಲ್ಲ, ನಂಗೆ ಗೊತ್ತುಂಟು," ಎನ್ನುತ್ತಾರೆ. "ಸಾಯುದಾದ್ರೆ ಇಲ್ಲೇ ಸಾಯ್ಲಿ. ಇನ್ನೊಬ್ರ ಮನೆಯಲ್ಲಿ ಹೋಗಿ ಸತ್ರೆ, ಅವ್ರು ತಮ್ಮದೇ ತಪ್ಪು ಅಂತ ಎಣಿಸ್ತಾರೆ."