ಶಟ್ಟೆವ್ವ ಹಾಸಿದ ಕಾರ್ಪೆಟ್

ಮಹಾಂತಪ್ಪ ಸತ್ತು ಇಪ್ಪತ್ತೆರಡು ದಿನ. ಬೈಲಹೊಂಗಲದ ಅವನ ಸೀಟ್ ಕವರ್ ಅಂಗಡಿಯಲ್ಲಿ ಕೆಂಪು ಕಾರೊಂದು ಹೊಟ್ಟೆ ಬಗೆಸಿಕೊಂಡು ನಿಂತಿತ್ತು. ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ರಾಮದುರ್ಗದ ಕೃಷ್ಣಾಜಿಯವರದು, ಅವರ ಅಪ್ಪ ಕೊಂಡದ್ದು. ಕೊಳೆತ ಕಾರ್ಪೆಟ್ ಕಿತ್ತು ಹಾಕಿದ ದಿನವೇ ಮಹಾಂತಪ್ಪ ಎದೆ ಹಿಡಿದುಕೊಂಡು ಕುಸಿದಿದ್ದ.

ಅವನ ಹೆಂಡತಿ ಶಟ್ಟೆವ್ವ ಅತ್ತಿರಲಿಲ್ಲ. ಬಂದವರು ಅಳು ಅಂದರು, ಬರಲಿಲ್ಲ. ಊಟದ ರುಚಿಯೂ ಹೋಗಿತ್ತು, ಖಾರವೂ ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಅಂಗಡಿ ಏನಾಗಬೇಕು ಅನ್ನುವುದನ್ನು ಅವಳೊಬ್ಬಳನ್ನು ಕೇಳದೆ ಮನೆಯ ಗಂಡಸರೆಲ್ಲ ತೀರ್ಮಾನಿಸಿದ್ದರು.

ಮೈದುನ ಗೌರೀಶ ನೇರವಾಗಿಯೇ ಹೇಳಿದ: "ವೈನಿ, ಮೊಬೈಲ್ ಅಂಗಡಿಯವ ಜಾಗಾ ಕೇಳಾಕ ಹತ್ಯಾನ. ಕೀಲಿ ಕೊಟ್ಟ ಬಿಡ್ರಿ."

"ಈ ಗಾಡಿ?"

"ಕೃಷ್ಣಾಜಿಯವ್ರು ಕೊಲ್ಲಾಪುರಕ್ಕ ಒಯ್ತಾರ. ನೀವೇನ ಮಾಡಾವ್ರ?"

"ನಾನ ಮಾಡತೇನಿ. ಶುಕ್ರವಾರದೊಳಗ ಆಗಲಿಲ್ಲಂದ್ರ ಕೀಲಿ ನಿನ್ನ ಕೈಯಾಗ."

ಗೌರೀಶ ನಕ್ಕ. "ಕೌದಿ ಅಲ್ರಿ ವೈನಿ ಇದು. ಕಾರು."

ಅವನು ಹೇಳಿದ್ದು ಸುಳ್ಳಲ್ಲ. ಶಟ್ಟೆವ್ವ ಮುರಗೋಡದವಳು, ಹಳೇ ಸೀರೆ ಜೋಡಿಸಿ ಕೌದಿ ಹೊಲಿದ ಕೈಯವಳು. ಹದಿನೆಂಟು ವರ್ಷ ಅಂಗಡಿಯಲ್ಲಿ ಅಂಚು ಹೊಲಿದವಳು ಅವಳೇ, ಆದರೆ ಕತ್ತರಿ ಯಾವತ್ತೂ ಮಹಾಂತಪ್ಪನದು.

ಅವಳು ಕಾರಿನ ನೆಲದ ತಗಡು ಒರೆಸಿದಳು, ಅದರ ಮೇಲೆ ಮೆತ್ತನೆಯ ಫೆಲ್ಟ್ ಅಂಟಿಸಿದಳು. ನಡುವಿನ ಗೇರಿನ ಉಬ್ಬಿಗೆ ಕಾರ್ಪೆಟ್ಟನ್ನು ಇಸ್ತ್ರಿಯ ಹಬೆ ಕೊಟ್ಟು ಬಗ್ಗಿಸಿ ಕೂರಿಸಿದಳು. ಕಾಲಿಡುವ ಜಾಗದ ಹಳೇ ತುಂಡುಗಳಲ್ಲಿ ಎಡಗಡೆಯದು ಮಾತ್ರ ಗಟ್ಟಿಯಿತ್ತು. ಅದನ್ನೇ ಅಚ್ಚು ಮಾಡಿ, ಇಟ್ಟ ಹಾಗೆಯೇ ಇಟ್ಟು, ಎರಡು ತುಂಡು ಕತ್ತರಿಸಿದಳು. ಎಡಕ್ಕೆ ಒಂದು ಸರಿಯಾಗಿ ಕೂತಿತು. ಬಲಕ್ಕೆ ಓರೆ ಎದುರುಬದುರಾಗಿ ಬರಬೇಕಿತ್ತು, ಇನ್ನೊಂದನ್ನು ತಿರುವಿ ಹಾಸಿದಳು. ಕೌದಿಗೆ ಎರಡೂ ಮುಖ, ಹೆಂಗೆ ಹಾಸಿದರೂ ಕೌದಿಯೇ. ಕಾರ್ಪೆಟ್ಟಿಗೆ ಒಂದೇ. ಮಂದ ಎಳೆಯ ಮುಖ ಕೆಳಗೆ ಹೋಗಿ, ಬೋಳು ಬೆನ್ನು ಅವಳನ್ನು ನೋಡುತ್ತ ಬಿದ್ದಿತ್ತು.

ಮಹಾಂತಪ್ಪ ಕೊಲ್ಲಾಪುರದಿಂದ ತಂದಿಟ್ಟ ಕಾರ್ಪೆಟ್ ಬಟ್ಟೆಯಲ್ಲಿ ಉಳಿದದ್ದು ಮೊಳದಷ್ಟು ಚೂರು. ಶಟ್ಟೆವ್ವನಿಗೆ ಗಾಬರಿಯೂ ಆಗಲಿಲ್ಲ. ಸುಮ್ಮನೆ ಕೂತು ನೋಡಿದಳು. ತುಂಡಿನ ಹಿಂದಿನ ಅರ್ಧ ಚೌಕ, ಅದಕ್ಕೆ ಎಡಬಲವಿಲ್ಲ. ಓರೆಯಿರುವುದು ಪೆಡಲಿನ ಕಡೆಗೆ ಮಾತ್ರ. ಆ ಓರೆಯ ಅರ್ಧವನ್ನು ಕತ್ತರಿಸಿ ತೆಗೆದು, ಈ ಸಲ ಅಚ್ಚನ್ನೇ ಮಗುಚಿಟ್ಟು, ಉಳಿದ ಚೂರಿನಲ್ಲಿ ಮುಂದಿನ ಅರ್ಧ ತೆಗೆದಳು. ಎರಡರ ಎಳೆಯ ಮುಖವೂ ಮೇಲೆ ಬರುವಂತೆ ಜೋಡಿಸಿ ಕೈಯಿಂದ ಹೊಲಿದಳು. ಹೊಲಿಗೆ ಸೀಟಿನ ಕೆಳಗೆ ಬಂತು. ಅಂಟು ಹಚ್ಚಿ ಕೂರಿಸಿ, ಸೀಟಿನ ಬೋಲ್ಟು ಹಾಯಲೆಂದು ಕಾದ ದಬ್ಬಣದಿಂದ ತೂತು ಮಾಡಿದಳು.

ಶುಕ್ರವಾರ ಕೃಷ್ಣಾಜಿ ಬಂದರು. ಗೌರೀಶನೂ ಬಂದು ಬಾಗಿಲಲ್ಲಿ ನಿಂತ. ಬಲಗಡೆಯ ಸೀಟು ಇನ್ನೂ ಕೂರಿಸಿರಲಿಲ್ಲ.

"ಇಲ್ಲೊಂದು ಜೋಡಿಸಿದ ಹೊಲಿಗಿ ಐತ್ರಿ," ಅಂದಳು ಶಟ್ಟೆವ್ವ. ಪ್ರಾಮಾಣಿಕತೆ ಏನಲ್ಲ, ಮುಚ್ಚಿಡುವಷ್ಟು ತ್ರಾಣ ಇರಲಿಲ್ಲ, ಅಷ್ಟೇ. "ತಪ್ಪ ಕತ್ತರಿಸಿದ್ನಿ. ಅರಿವಿ ಸಾಲಲಿಲ್ಲ."

"ಹೇಳಿದ್ನಿಲ್ರಿ ವೈನಿ!" ಗೌರೀಶ ಬಾಗಿಲಿಂದಲೇ ಅಂದ.

ಕೃಷ್ಣಾಜಿ ಕನ್ನಡಕ ಏರಿಸಿ, ಬಗ್ಗಿ ಕೈಯಾಡಿಸಿದರು. ಒಮ್ಮೆ ಆಡಿಸಿ ಮತ್ತೊಮ್ಮೆ ಆಡಿಸಿದರು. "ಎಲ್ಲಿ ಅದ ರೀ? ಕೈಗೆ ಹತ್ತವಲ್ದು."

ಶಟ್ಟೆವ್ವ ಬೆರಳಿಟ್ಟು ತೋರಿಸಿದಳು.

"ಸೀಟು ಕೂಡಸ್ರಿ," ಅಂದರು ಅವರು. "ಮ್ಯಾಲ ಮುಚ್ಚೂ ಅರಿವಿ ಹುಡ್ಡೂ ಹರದದ. ಅದನ್ನೂ ನೀವ ಹೊಲಿತೀರೇನು?"

"ಹೊಲಿತೇನಿ. ಅಳತಿ ಈಗ ತಗೋತೇನಿ, ತಡೀರಿ." ಆಮೇಲೆ ಬಾಗಿಲ ಕಡೆ ತಿರುಗಿದಳು. "ಗೌರೀಶ, ಮೊಬೈಲಿನವ್ಗ ಬ್ಯಾರೆ ಜಾಗಾ ನೋಡಕೊ ಅಂತ ಹೇಳು. ಮತ್ತ ಬೆಳಕಿಗಿ ಅಡ್ಡ ನಿಂದರಬ್ಯಾಡ."

ಅವನು ಸರಿದ. ಅಂಗಡಿ ಉಳಿಯಿತು. ಅಳುವೋ ನಗುವೋ, ಎದೆಯಲ್ಲಿ ಏನಾದರೂ ಆದೀತೆಂದು ಶಟ್ಟೆವ್ವ ಒಂದು ಗಳಿಗೆ ಕಾದಳು. ಏನೂ ಆಗಲಿಲ್ಲ. ಹುಡ್ಡಿನ ಒಂದು ತುದಿಯನ್ನು ಕೃಷ್ಣಾಜಿಯವರ ಕೈಗೆ ಕೊಟ್ಟು, "ಜಗ್ಗಿ ಹಿಡೀರಿ," ಅಂದಳು.